ಆ ಗುಂಪಿಗೆ ಖಂಡಿತ ಹೋಗಿ

ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಿ. ನಿಮ್ಮ ಊರಿನ ಲೈಬ್ರರಿಯಲ್ಲಿ ಕಪ್ಪು ಜನ, ಬಿಳಿಯರು, ಉಳಿದವರು ಎಲ್ಲ ಒಟ್ಟಿಗೆ ಕೂತು ವರ್ಣಭೇದದ ಬಗ್ಗೆ ಮಾತಾಡುವ ಗುಂಪೊಂದು ಶುರುವಾಗುತ್ತಿದೆ. ಪಕ್ಕದ ಮನೆಯವರು ಕರೆದಿದ್ದಾರೆ. ‘ಇದು ಅವರವರ ಹಳೇ ಜಗಳ, ನಾವ್ಯಾಕೆ ಮಧ್ಯೆ ಹೋಗಬೇಕು?’ ಅಂತ ಕೇಳಿದ್ದೀರಿ.

ನಾವು ಇಲ್ಲಿಗೆ ಬರಲು ದಾರಿಯಾದದ್ದೇ ಆ ಜಗಳದಿಂದ. ಭಗತ್ ಸಿಂಗ್ ಥಿಂಡ್ ಅಂತ ಒಬ್ಬ ಪಂಜಾಬಿ ಇದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಅವರ ಪೌರತ್ವದ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ‘ನೀವು ಬಿಳಿಯರಲ್ಲ, ಪೌರತ್ವ ಕೊಡಲಾಗದು’ ಎಂದು 1923ರಲ್ಲಿ ತೀರ್ಪು ಬಂತು. 1946ರಲ್ಲಿ ನಮ್ಮವರಿಗೆ ಪೌರತ್ವದ ಹಕ್ಕು ಸಿಕ್ಕಿತು, ಆದರೆ ಭಾರತದಿಂದ ವರ್ಷಕ್ಕೆ ಸುಮಾರು 100 ಜನ ಮಾತ್ರ ಬರಬಹುದಿತ್ತು. ಆಮೇಲೆ ಕಪ್ಪು ಜನ ಬೀದಿಗಿಳಿದರು, ಏಟು ತಿಂದರು, ಜೈಲಿಗೆ ಹೋದರು. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ಬಂತು. ಮರುವರ್ಷ, ಅದೇ ಗಾಳಿಯಲ್ಲಿ, ಹುಟ್ಟಿದ ದೇಶ ನೋಡಿ ಕೋಟಾ ಹಾಕುತ್ತಿದ್ದ ಹಳೆಯ ವಲಸೆ ಕಾನೂನೂ ಬಿತ್ತು. ನೀವೂ ನಾನೂ ಬಂದದ್ದು ಆ ಬಾಗಿಲಿಂದಲೇ ಅಲ್ವಾ?

ಇಂಥ ಗುಂಪುಗಳಿಗೆ ಸ್ಟಡಿ ಸರ್ಕಲ್, ಡೈಲಾಗ್ ಸರ್ಕಲ್ ಅಂತೆಲ್ಲ ಹೆಸರಿದೆ. 1992ರಲ್ಲಿ, ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಹೊಡೆದ ಪೊಲೀಸರನ್ನು ಬಿಟ್ಟುಬಿಟ್ಟಾಗ ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. ಆ ಕಳವಳದಲ್ಲೇ ಒಹಾಯೋದ ಲೈಮಾ ಎಂಬ ಊರಿನವರು ಊರಿಡೀ ಇಂಥ ಗುಂಪುಗಳನ್ನು ಕಟ್ಟಿದರು. ಅಲ್ಲಿಂದ ಬೇರೆ ಊರುಗಳಿಗೂ ಹರಡಿತು. ಸಾಮಾನ್ಯವಾಗಿ 8ರಿಂದ 12 ಜನ ಇರುತ್ತಾರೆ. ಮಾತು ನಡೆಸಿಕೊಡಲು ತರಬೇತಿ ಪಡೆದವರು ಒಬ್ಬಿಬ್ಬರು. ಅವರು ಪಾಠ ಮಾಡುವುದಿಲ್ಲ, ಯಾರ ಪರವೂ ನಿಲ್ಲುವುದಿಲ್ಲ. ನಾಲ್ಕೈದು ಸಲ ಸೇರುತ್ತಾರೆ.

ಅಲ್ಲಿ ನಿಮ್ಮನ್ನು ಜಾಸ್ತಿ ಕಾಡುವುದು ಮನೆಗಳ ಕಥೆ ಇರಬಹುದು. ಬಾಡಿಗೆಗೆ ಮನೆ ಹುಡುಕುವಾಗ ನಮ್ಮವರೇ ಯಾರೋ ‘ಆ ಏರಿಯಾ ಬೇಡ, ಅಲ್ಲಿ ಕರಿಯರು ಜಾಸ್ತಿ’ ಅಂತ ನಿಮಗೆ ಹೇಳಿರುತ್ತಾರೆ. ನನಗೂ ಹೇಳಿದ್ದರು. ಆ ಏರಿಯಾ ಹಾಗಾದದ್ದು ಹೇಗೆ ಅಂತ ಯಾರೂ ಹೇಳಲಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಕಪ್ಪು ಜನ ಇದ್ದ ಬಡಾವಣೆಗಳಿಗೆ ಕೆಂಪು ಬಳಿದಿತ್ತು. ಅಂಥ ಕಡೆ ಮನೆ ಸಾಲ ಸಿಗುವುದೇ ಕಷ್ಟವಾಗಿತ್ತು. 1968ರಲ್ಲಿ ಕಾನೂನು ಮನೆ ವಿಚಾರದಲ್ಲಿ ಭೇದ ಮಾಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ಕುಟುಂಬಗಳಿಗೆ ಮಕ್ಕಳಿಗೆ ಬಿಟ್ಟುಹೋಗಲು ಒಂದು ಮನೆಯೂ ಇಲ್ಲದಂತಾಗಿತ್ತು. ಇಲ್ಲಿ ಶಾಲೆಗಳಿಗೆ ಬರುವ ಹಣದಲ್ಲಿ ದೊಡ್ಡ ಪಾಲು ಆಯಾ ಊರಿನ ಮನೆ ತೆರಿಗೆಯದು. ಹಾಗಾಗಿ ಮನೆಗಳ ಬೆಲೆ ಕುಸಿದ ಕಡೆ ಶಾಲೆಗಳೂ ಸೊರಗಿದವು. ಆ ಬೀದಿಯಲ್ಲೇ ಬೆಳೆದ ಅಜ್ಜಿಯೊಬ್ಬರು ಎದುರಿಗೆ ಕೂತು ಇದನ್ನು ಹೇಳುವಾಗ, ಬಾಡಿಗೆ ಮನೆಯ ಆ ಸಲಹೆಯನ್ನು ಮತ್ತೊಬ್ಬರಿಗೆ ದಾಟಿಸಲು ನಿಮಗೆ ಬಾಯಿ ಬರುವುದಿಲ್ಲ.

ಮೊದಮೊದಲು ಕೇಳಿಸಿಕೊಳ್ಳಿ. ಕಪ್ಪು ವ್ಯಕ್ತಿಯೊಬ್ಬರ ಕಡೆ ತಿರುಗಿ ‘ನಿಮ್ಮವರು ಇದಕ್ಕೆ ಏನಂತಾರೆ?’ ಅಂತ ಕೇಳಬೇಡಿ. ಅವರು ಇಡೀ ಸಮುದಾಯದ ವಕೀಲರಲ್ಲ. ತಮ್ಮ ನೋವನ್ನು ಹತ್ತಾರು ಕಡೆ ಹೇಳಿ ಹೇಳಿ ದಣಿದವರೂ ಅಲ್ಲಿರುತ್ತಾರೆ. ‘ನಾವು ಕಷ್ಟಪಟ್ಟು ಮೇಲೆ ಬಂದೆವು, ಅವರಿಗೇನು ಧಾಡಿ?’ ಎಂಬ ಮಾತನ್ನಂತೂ ದಯವಿಟ್ಟು ಆಡಬೇಡಿ. ನಾವು ಬಂದದ್ದು ಡಿಗ್ರಿ ಕೈಯಲ್ಲಿ ಹಿಡಿದು, ಕಂಪನಿ ಕೊಡಿಸಿದ ವೀಸಾದಲ್ಲಿ.

ಆದರೆ ನಿಮ್ಮದನ್ನು ಹೇಳಲು ಹಿಂಜರಿಯಬೇಡಿ. ನಿಮ್ಮ ಹೆಸರು, ಉಚ್ಚಾರಣೆ ಕೇಳಿ ಯಾರಾದರೂ ಮುಖ ತಿರುಗಿಸಿದ್ದರೆ ಅದೂ ಅಲ್ಲಿ ಆಡಬೇಕಾದ ಮಾತೇ. ಯಾರಾದರೂ ಜಾತಿಯ ಬಗ್ಗೆ ಕೇಳಿದರೆ ‘ಅದೆಲ್ಲ ಈಗ ಇಲ್ಲ’ ಅಂತ ತೇಲಿಸಬೇಡಿ. ಜಾತಿಭೇದವನ್ನು ನಿಷೇಧಿಸಿ ಸಿಯಾಟಲ್ ನಗರ 2023ರಲ್ಲಿ ಕಾನೂನು ಮಾಡಿತು. ಅದಕ್ಕಾಗಿ ಓಡಾಡಿದವರಲ್ಲಿ ಇಲ್ಲೇ ನೆಲೆಸಿರುವ ನಮ್ಮ ದೇಶದ ದಲಿತರೂ ಇದ್ದರು. ಬೇರೆಯವರ ಭೇದಭಾವದ ಬಗ್ಗೆ ಮಾತಾಡಲು ಕೂತವರು ನಮ್ಮದನ್ನು ಮುಚ್ಚಿಟ್ಟುಕೊಳ್ಳಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎಲ್ಲ ಗುಂಪುಗಳೂ ಚೆನ್ನಾಗಿರುವುದಿಲ್ಲ, ಅದನ್ನೂ ತಿಳಿದಿರಿ. ಸುಮ್ನೆ ಮಾತಾಡಿ, ಕೈಕುಲುಕಿ ಮನೆಗೆ ಹೋಗುವ ಕಡೆ ಕಪ್ಪು ಜನ ಮೆಲ್ಲಗೆ ಬರುವುದನ್ನೇ ಬಿಡುತ್ತಾರೆ. ಅದು ನ್ಯಾಯವೇ. ಒಳ್ಳೆಯ ಗುಂಪಿನಲ್ಲಿ ಕೊನೆಯ ಭೇಟಿ ಕೆಲಸ ಹಂಚಿಕೊಳ್ಳುವುದಕ್ಕೇ ಮೀಸಲು. ಯಾವ ಶಾಲೆಯಲ್ಲಿ ಯಾವ ಮಕ್ಕಳನ್ನು ಜಾಸ್ತಿ ಸಸ್ಪೆಂಡ್ ಮಾಡುತ್ತಿದ್ದಾರೆ, ಸ್ಕೂಲ್ ಬೋರ್ಡ್ ಸಭೆಗೆ ಯಾರು ಹೋಗುತ್ತಾರೆ, ಪೊಲೀಸ್ ಮುಖ್ಯಸ್ಥರನ್ನು ಯಾರು ಕಾಣುತ್ತಾರೆ, ಎಲ್ಲ ಅಲ್ಲೇ ತೀರ್ಮಾನ. ಹೆಸರು ಕೊಡುವಾಗಲೇ ಕೇಳಿ: ಹಿಂದಿನ ಸಲ ಸೇರಿದವರು ಆಮೇಲೆ ಏನು ಮಾಡಿದರು? ಉತ್ತರ ತಡವರಿಸಿದರೂ ಹೋಗಿ, ಅದೇ ಪ್ರಶ್ನೆಯನ್ನು ಒಳಗೆ ಎಲ್ಲರ ಮುಂದೆ ಎತ್ತಿ. ಮೊದಲ ಸಂಜೆ ಬರೀ ಪರಿಚಯದಲ್ಲೇ ಮುಗಿಯುತ್ತದೆ. ಬೇಜಾರಾಗಿ ಎರಡನೆಯದನ್ನು ತಪ್ಪಿಸಬೇಡಿ. ನಿಜವಾದ ಮಾತು ಶುರುವಾಗುವುದು ಆಗಲೇ.