ಕಾರವಾರದ ಸಮುದ್ರ ಬೆಳಿಗ್ಗೆ ಹಸಿರು, ಸಂಜೆ ಚಹಾ ಬಣ್ಣ. ಯಾಕೆ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಹುಣ್ಣಿಮೆಯ ಮರುದಿನ ಕಾರವಾರದಲ್ಲಿದ್ದೆವು. ಬೆಳಿಗ್ಗೆ 10ಕ್ಕೆ ನೀರು ಹಸಿರು-ನೀಲಿ. ಸಂಜೆ 5ಕ್ಕೆ ಅದೇ ಜಾಗದಲ್ಲಿ ಹಾಲು ಹಾಕಿದ ಚಹಾದ ಹಾಗಿತ್ತು, ನೀರೂ ತುಂಬಾ ಹಿಂದೆ ಸರಿದಿತ್ತು. ಮಳೆ ಇರಲಿಲ್ಲ. ಯಾರಾದರೂ ಕೊಳಚೆ ಬಿಟ್ಟರಾ?
– ಹುಬ್ಬಳ್ಳಿಯ ಓದುಗರು

ಉತ್ತರ: ‘ನೀರೂ ಹಿಂದೆ ಸರಿದಿತ್ತು’ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಬೆಳಿಗ್ಗೆ ನೀವು ನೋಡಿದ್ದು ಭರತದ, ಅಂದರೆ ಸಮುದ್ರ ಉಬ್ಬಿ ಏರುವ ಹೊತ್ತಿನ ನೀರು. ಆಳ ಸಮುದ್ರದ ಕಡೆಯಿಂದ ಒಳಗೆ ಬರುವ ಈ ನೀರಿನಲ್ಲಿ ಮಣ್ಣು ಕಡಿಮೆ. ನೀರು ಬೆಳಕಿನ ಕೆಂಪನ್ನು ಬೇಗ ಹೀರಿಕೊಳ್ಳುತ್ತದೆ, ಉಳಿದ ನೀಲಿ-ಹಸಿರು ನಮ್ಮ ಕಣ್ಣಿಗೆ ಬರುತ್ತದೆ. ಸಂಜೆ ಇಳಿತ. ಆಗ ಪಕ್ಕದ ಕಾಳಿ ಹೊಳೆ ತನ್ನ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗದ) ಕೆಸರನ್ನು ಕೆರೆದುಕೊಂಡು ಕೊಲ್ಲಿಗೆ ಬರುತ್ತದೆ. ಅದಕ್ಕೆ ಮಳೆಯೇ ಬೇಕೆಂದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಇಲ್ಲಿ ನೀರು ಒಂದೂವರೆ-ಎರಡು ಮೀಟರ್ ಏರಿ ಇಳಿಯುತ್ತದೆ, ಅಷ್ಟಮಿ ಆಸುಪಾಸಿನಲ್ಲಿ ಅದರ ಅರ್ಧ ಅನ್ನಿ. ನೀವು ಹೋದದ್ದು ಸೆಳೆತ ಜಾಸ್ತಿ ಇರುವ ದಿನವೇ. ಇಳಿತದ ಹೊತ್ತಿನಲ್ಲಿ ಸದಾಶಿವಗಡದ ಗುಡ್ಡ ಹತ್ತಿದರೆ ಕೆಲವು ದಿನ ಕಂದು ನೀರು, ಹಸಿರು ನೀರು ಸೇರುವಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಯುದ್ದಕ್ಕೂ ನೊರೆ, ಕಸಕಡ್ಡಿ, ಒಣ ಎಲೆ.

ಇನ್ನು ಗಾಳಿ. ಬೆಳಿಗ್ಗೆ ಗುಡ್ಡದ ಕಡೆಯಿಂದ ತಣ್ಣಗೆ ಬೀಸುತ್ತದೆ, ದಡದ ಹತ್ತಿರ ನೀರು ಕನ್ನಡಿಯಂತಿರುತ್ತದೆ, ಆಕಾಶದ ನೀಲಿಯೂ ಅದರಲ್ಲಿ ಸೇರಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಸಮುದ್ರದ ಗಾಳಿ ಶುರು. ಅಲೆ ತನ್ನ ಉದ್ದದ ಅರ್ಧದಷ್ಟು ಆಳದವರೆಗೆ ನೀರನ್ನು ಅಲುಗಿಸುತ್ತದೆ, ಅಂದರೆ ಎರಡು ಅಲೆಗಳ ನಡುವೆ 10 ಮೀಟರ್ ಇದ್ದರೆ 5 ಮೀಟರ್ ಕೆಳಗಿನವರೆಗೂ, ಮತ್ತೆ ಇಳಿತದಲ್ಲಿ ನೀರು ತೆಳುವಾಗಿರುವುದರಿಂದ ಅಲೆಗೆ ತಳ ಇನ್ನೂ ಸುಲಭವಾಗಿ ಸಿಗುತ್ತದೆ. ತಳದ ಮಣ್ಣೆಲ್ಲ ಮೇಲೆ. ಇಳಿತ, ಗಾಳಿ ಎರಡೂ ಒಂದೇ ಸಂಜೆ ಸೇರಿದ್ದಕ್ಕೇ ಅಷ್ಟು ರಾಡಿ.

ಅನುಮಾನ ಹೋಗದಿದ್ದರೆ ಮುಂದಿನ ಸಲ ಒಂದು ಬಾಟಲಿ ನೀರು ತುಂಬಿ ರಾತ್ರಿಯಿಡೀ ಸುಮ್ನೆ ಇಟ್ಟುಬಿಡಿ. ಕೆಸರಾದರೆ ಬಹುಪಾಲು ಅಡಿಯಲ್ಲಿ ಕೂರುತ್ತದೆ. ಕೆಟ್ಟ ವಾಸನೆ, ಎಣ್ಣೆ ಪೊರೆ, ಸತ್ತ ಮೀನು ಕಂಡರೆ ಅದು ಬೇರೆ ಕಥೆ, ಆಗ ನೀರಿಗೆ ಇಳಿಯಬೇಡಿ. ಹಸಿರು ನೀರಿನ ಫೋಟೊ ಬೇಕಿದ್ದರೆ ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಿಗ್ಗೆಯೇ ಹೋಗಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ವಾರ ಬಿಟ್ಟು ಹೋದರೆ ಈ ಲೆಕ್ಕ ತಲೆಕೆಳಗು.