ಸಾರ್ಟೆಕ್ಸ್ ಯಾರದು?

ಪ್ರಶ್ನೆ: ನಮ್ಮ ರೈಸ್ ಮಿಲ್ಲಿಗೆ ಹೊಸ ಸಾರ್ಟೆಕ್ಸ್ ಮೆಶಿನ್ (ಅಕ್ಕಿಯಲ್ಲಿನ ಕಪ್ಪು ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಬೇರ್ಪಡಿಸುವ ಯಂತ್ರ) ಬಂದಿದೆ. ಮೇಲೆ ‘ಮೇಡ್ ಇನ್ ಇಂಡಿಯಾ’ ಅಂತ ತಗಡು ಹೊಡೆದಿದ್ದಾರೆ. ಒಳಗಿನ ಕ್ಯಾಮೆರಾ ಹೊರದೇಶದ್ದು. ತಂತ್ರಜ್ಞಾನದಲ್ಲಿ ದೇಶ ಎಷ್ಟು ಸ್ವಾವಲಂಬಿ ಅಂತ ಅಳೆಯುವುದು ಹೇಗೆ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಬಿಡಿಭಾಗ ಎಲ್ಲಿಯದು ಅಂತ ಎಣಿಸಿದರೆ ಅರ್ಧ ಉತ್ತರ ಸಿಗುತ್ತದೆ. ಕೆಟ್ಟಾಗ ಯಾರು ಬಿಚ್ಚಬಲ್ಲರು ಅನ್ನುವುದನ್ನೂ ನೋಡಬೇಕು.

ಸಾರ್ಟೆಕ್ಸ್ ಮೂಲದಲ್ಲಿ ಒಂದು ಇಂಗ್ಲಿಷ್ ಕಂಪನಿಯ ಹೆಸರು. ಈಗ ಯಾರ ಮೆಶಿನ್ ಬಂದರೂ ನಮ್ಮ ಕಡೆ ಸಾರ್ಟೆಕ್ಸೇ. ಗಂಗಾವತಿಯಲ್ಲಿ ನಮ್ಮ ಅಣ್ಣನ ಮಿಲ್ಲಿದೆ. ಕಳೆದ ಸುಗ್ಗಿಯಲ್ಲಿ ಅಲ್ಲಿನ ಮೆಶಿನ್ ನಿಂತುಹೋಯಿತು. ಕಪ್ಪು ಕಾಳನ್ನು ಗಾಳಿ ಊದಿ ತಳ್ಳುವ ವಾಲ್ವ್ ಕೆಟ್ಟಿದ್ದರೆ ಊರಿನ ಮೇಸ್ತ್ರಿಯೇ ಅರ್ಧ ಗಂಟೆಯಲ್ಲಿ ಸರಿ ಮಾಡುತ್ತಿದ್ದ. ಕೆಟ್ಟದ್ದು ಕ್ಯಾಮೆರಾ ಬೋರ್ಡು. ಸಾಫ್ಟ್‌ವೇರಿಗೆ ಪಾಸ್‌ವರ್ಡ್ ಬೇರೆ, ಅದು ಕಂಪನಿಯ ಇಂಜಿನಿಯರ್ ಹತ್ತಿರ. ಹನ್ನೊಂದು ದಿನ ಕಾದೆವು. ಹಮಾಲರು ಖಾಲಿ ಚೀಲ ಹಾಸಿಕೊಂಡು ಕೂತಿದ್ದು ನೋಡಿ ಹೊಟ್ಟೆ ಉರಿಯಿತು.

ಇಡೀ ದೇಶವನ್ನು ಅಳೆಯಲು ಒಂದು ಲೆಕ್ಕವಿದೆ. ಪೇಟೆಂಟ್, ಲೈಸೆನ್ಸ್, ರಾಯಲ್ಟಿ ಅಂತ ದೇಶ ಹೊರಗೆ ಎಷ್ಟು ಕೊಡುತ್ತದೆ, ಎಷ್ಟು ಪಡೆಯುತ್ತದೆ? ಇದನ್ನು ತಂತ್ರಜ್ಞಾನದ ಪಾವತಿ ಶಿಲ್ಕು ಎನ್ನುತ್ತಾರೆ. ಭಾರತ ಕೊಡುವುದು ಪಡೆಯುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಆದರೆ ಈ ಲೆಕ್ಕದಲ್ಲಿ ಒಂದು ತೂತಿದೆ. ಮೆಶಿನ್ ರೂಪದಲ್ಲೇ ಕೊಂಡು ತಂದ ತಂತ್ರಜ್ಞಾನ ಇದರಲ್ಲಿ ಕಾಣುವುದಿಲ್ಲ, ಆಮದು ಸರಕಿನ ಖಾತೆಗೆ ಹೋಗುತ್ತದೆ. ನಿಮ್ಮ ಕ್ಯಾಮೆರಾ ಹಾಗೇ ಅಲ್ವಾ?

ರಾಯಲ್ಟಿ ಕೊಟ್ಟ ಮಾತ್ರಕ್ಕೆ ಸೋತೆವು ಅಂತಲ್ಲ. ಜಪಾನ್ ಯುದ್ಧದ ನಂತರ ವರ್ಷಗಟ್ಟಲೆ ದುಡ್ಡು ಕೊಟ್ಟೇ ಕಲಿಯಿತು. ಈಗ ಅದಕ್ಕೆ ಬರುವುದೇ ಜಾಸ್ತಿ. ನಮ್ಮ ರಾಯಚೂರಿನ ಯರಮರಸ್ ವಿದ್ಯುತ್ ಸ್ಥಾವರ ನೋಡಿ. ಅಲ್ಲಿ 800 ಮೆಗಾವಾಟ್‌ನ ಎರಡು ಘಟಕಗಳಿವೆ. ಅಂಥ ಸೂಪರ್ ಕ್ರಿಟಿಕಲ್ (ಅತಿ ಹೆಚ್ಚು ಒತ್ತಡ, ಶಾಖದ ಹಬೆಯಲ್ಲಿ ಓಡುವ) ಯಂತ್ರಗಳಿಗಾಗಿ ಸರ್ಕಾರಿ ಕಂಪನಿ ಬಿಎಚ್‌ಇಎಲ್ ಬಾಯ್ಲರಿಗೆ ಫ್ರಾನ್ಸಿನ ಆಲ್‌ಸ್ಟಾಮ್ ಜೊತೆ, ಟರ್ಬೈನಿಗೆ ಜರ್ಮನಿಯ ಸೀಮೆನ್ಸ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ವಿದ್ಯೆ ಕೊಂಡದ್ದು ನಿಜ. ಆದರೆ ಅದರ ಬಾಯ್ಲರ್ ತಯಾರಾಗುವುದು ತಿರುಚ್ಚಿಯಲ್ಲಿ, ಟರ್ಬೈನ್ ಹರಿದ್ವಾರದಲ್ಲಿ. ನಮ್ಮ ಕೆಲಸಗಾರರ ಕೈ ಅದರಲ್ಲಿ ಪಳಗಿದೆ.

ಹಾಗಾಗಿ ನಾನು ಶಿಲ್ಕಿನ ಪಕ್ಕ ಸಂಶೋಧನೆಯ ಖರ್ಚನ್ನೂ ಇಟ್ಟು ನೋಡುತ್ತೇನೆ. 2020-21ರಲ್ಲಿ ನಾವು ಅದಕ್ಕೆ ಹಾಕಿದ್ದು ಜಿಡಿಪಿಯ ಶೇ. 0.64. ನೂರು ರೂಪಾಯಿಗೆ 64 ಪೈಸೆ! ದಕ್ಷಿಣ ಕೊರಿಯಾದಲ್ಲಿ ಹೆಚ್ಚುಕಡಿಮೆ ಐದು ರೂಪಾಯಿ. ಈ ಅಂಕಿ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಆ ಹನ್ನೊಂದು ದಿನ ನೆನಪಾಗುತ್ತದೆ.

ನಿಮ್ಮ ಮೆಶಿನ್ನಿನ ಗ್ಯಾರಂಟಿ ಮುಗಿಯುವ ಮೊದಲೇ ಪಾಸ್‌ವರ್ಡ್, ಸರ್ಕ್ಯೂಟ್ ನಕ್ಷೆ ಕೊಡಿ ಅಂತ ಕಂಪನಿಗೆ ಪತ್ರ ಬರೆಯಿರಿ. ಸರ್ವಿಸ್‌ಗೆ ಬಂದವರ ಪಕ್ಕದಲ್ಲಿ ನಿಮ್ಮ ಆಪರೇಟರ್ ಹುಡುಗನನ್ನು ನಿಲ್ಲಿಸಿ. ಅವನ ಕೈಗೊಂದು ನೋಟ್‌ಬುಕ್ ಕೊಡಿ.