ಮಗು ಬೇಕು ಅನ್ನೋರಿಗೂ ಗರ್ಭಪಾತದ ಕಾನೂನು ತಟ್ಟುತ್ತಾ?

ಪ್ರಶ್ನೆ: ಮೇಡಂ, ಮದುವೆಯಾಗಿ ಎಂಟು ವರ್ಷವಾಯಿತು. ಎರಡು ಸಲ ಬಸಿರಾದರೂ ನಿಲ್ಲಲಿಲ್ಲ. ಈಗ ಐವಿಎಫ್ (ದೇಹದ ಹೊರಗೆ, ಲ್ಯಾಬ್‌ನಲ್ಲಿ ಅಂಡಾಣು ಫಲಿಸುವ ಚಿಕಿತ್ಸೆ) ಮಾಡಿಸಿ ಮೂರು ಭ್ರೂಣಗಳನ್ನು ಕ್ಲಿನಿಕ್‌ನಲ್ಲಿ ಫ್ರೀಜ್ ಮಾಡಿಸಿಟ್ಟಿದ್ದೇವೆ. ಮುಂದಿನ ತಿಂಗಳು ಗರ್ಭಕ್ಕೆ ಹಾಕಿಸಿಕೊಳ್ಳಬೇಕು. ಇಲ್ಲಿ ಗರ್ಭಪಾತ ನಿಷೇಧ ಆಗಿರೋದರಿಂದ ಐವಿಎಫ್‌ಗೂ ತೊಂದರೆ ಅಂತ ಗೆಳತಿ ಹೇಳಿದಾಗಿನಿಂದ ನಿದ್ದೆ ಇಲ್ಲ. ನಮಗೆ ಬೇಕಿರೋದು ಮಗು. ಆ ಕಾನೂನಿಗೂ ನಮಗೂ ಏನು ಸಂಬಂಧ?
– ಹೆಸರು ಬೇಡ, ಟೆಕ್ಸಸ್

ಉತ್ತರ: ಮೊದಲು ಒಂದು ಮಾತು ಕೇಳಿ ತಂಗಿ, ಆಮೇಲೆ ಉಳಿದದ್ದು. ಟೆಕ್ಸಸ್‌ನ ನಿಷೇಧ ಲ್ಯಾಬ್‌ನಲ್ಲಿರುವ ನಿಮ್ಮ ಭ್ರೂಣಗಳಿಗೆ ಅನ್ವಯಿಸುವುದಿಲ್ಲ. ಗರ್ಭಿಣಿ ಅಂದರೆ ಹೆಣ್ಣಿನ ದೇಹದೊಳಗೆ ಭ್ರೂಣ ಇರಬೇಕು ಅಂತ ಆ ಕಾನೂನೇ ಹೇಳುತ್ತದೆ. ಟ್ಯಾಂಕ್‌ನಲ್ಲಿರುವುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಭಯ ಎಲ್ಲಿಂದ ಬಂತು? ಲ್ಯಾಬ್‌ನಿಂದ ನಿಮಗೆ ಬಂದ ಫೋನ್‌ಗಳನ್ನು ನೆನಪಿಸಿಕೊಳ್ಳಿ. ಮೊದಲ ದಿನ ಇಷ್ಟು ಅಂಡಾಣು ಫಲಿಸಿವೆ ಅಂತಾರೆ, ಐದನೇ ದಿನದ ಹೊತ್ತಿಗೆ ಎಷ್ಟೋ ಸಲ ಅದರಲ್ಲಿ ಅರ್ಧವೂ ಉಳಿದಿರುವುದಿಲ್ಲ. ಅದು ಯಾರ ತಪ್ಪೂ ಅಲ್ಲ, ಐವಿಎಫ್ ನಡೆಯುವುದೇ ಹಾಗೆ. ಆದರೆ ಫಲಿಸಿದ ಕ್ಷಣದಿಂದಲೇ ಅದು ಮಗು ಅಂತ ಒಂದು ರಾಜ್ಯ ಬರೆದುಬಿಟ್ಟರೆ, ಬೆಳೆಯದೆ ನಿಂತ ಭ್ರೂಣಕ್ಕೆ, ಫ್ರೀಜರ್‌ನಿಂದ ತೆಗೆಯುವಾಗ ಹಾಳಾದದ್ದಕ್ಕೆ ಯಾರು ಹೊಣೆ? ಡಾಕ್ಟರಾ?

ಅಮೆರಿಕದ ಇನ್ನೊಂದು ರಾಜ್ಯ ಅಲಬಾಮಾದಲ್ಲಿ ಇದೇ ಆಗಿದ್ದು. 2020ರಲ್ಲಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಯಾರೋ ರೋಗಿ ಭ್ರೂಣಗಳನ್ನಿಟ್ಟಿದ್ದ ಕೋಣೆಗೆ ನುಗ್ಗಿ ಕೈ ಹಾಕಿದರು. ಮೈನಸ್ 196 ಡಿಗ್ರಿಯ ಚಳಿ, ಕೈ ಸುಟ್ಟು ಹಿಡಿದದ್ದು ನೆಲಕ್ಕೆ ಬಿತ್ತು. ಕಳೆದುಕೊಂಡ ದಂಪತಿಗಳು ಕೋರ್ಟಿಗೆ ಹೋದರು. ಅವರ ಸಂಕಟ ನಿಜವಾದದ್ದೇ. ಆದರೆ 2024ರ ಫೆಬ್ರವರಿ 16ರಂದು ಅಲ್ಲಿನ ಸುಪ್ರೀಂ ಕೋರ್ಟ್, 1872ರ ಒಂದು ಹಳೆ ಕಾನೂನು ಹಿಡಿದು, ಫ್ರೀಜರ್‌ನ ಭ್ರೂಣವೂ ಮಗುವೇ ಅಂದಿತು. ಐವಿಎಫ್ ನಿಲ್ಲಿಸಿ ಅಂತ ಯಾರೂ ಹೇಳಿರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಅಲ್ಲಿನ ದೊಡ್ಡ ಕ್ಲಿನಿಕ್‌ಗಳು ಕೇಸಿಗೆ ಹೆದರಿ ಕೆಲಸ ನಿಲ್ಲಿಸಿದವು. ದಿನಾ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಂಡು ತಾರೀಕಿಗೆ ಕಾಯುತ್ತಿದ್ದವರಿಗೆ ‘ಈಗ ಆಗಲ್ಲ’ ಅಂತ ಹೇಳಿದರೆ ಹೇಗಿರುತ್ತೆ, ನಿಮಗೆ ನಾನು ಹೇಳಬೇಕಿಲ್ಲ. ಮಾರ್ಚ್ 6ಕ್ಕೆ ಡಾಕ್ಟರ್‌ಗಳನ್ನೂ ಕ್ಲಿನಿಕ್‌ಗಳನ್ನೂ ಕೇಸಿನಿಂದ ಕಾಪಾಡುವ ಕಾನೂನು ತಂದರು, ಕೆಲಸ ಶುರುವಾಯಿತು. ಭ್ರೂಣ ಮಗುವೋ ಅಲ್ಲವೋ ಅನ್ನೋದನ್ನು ಮಾತ್ರ ಆ ಕಾನೂನು ಮುಟ್ಟಲೇ ಇಲ್ಲ.

ಈ ತೀರ್ಪು ಟೆಕ್ಸಸ್‌ಗೆ ಅನ್ವಯಿಸುವುದಿಲ್ಲ. ನಿಮಗೆ ಕಾನೂನು ತಟ್ಟುವುದಾದರೆ ಅದು ಭ್ರೂಣ ಗರ್ಭ ಸೇರಿದ ಮೇಲೆ, ಮತ್ತು ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಎರಡು ಸಲ ಕಳೆದುಕೊಂಡಿದ್ದೀರಿ, ಅದಕ್ಕೇ ನೇರವಾಗಿ ಹೇಳ್ತೀನಿ. ಭ್ರೂಣ ಗರ್ಭಕೋಶ ಬಿಟ್ಟು ನಾಳದಲ್ಲಿ ಬೆಳೆದರೆ ಅದಕ್ಕೆ ಚಿಕಿತ್ಸೆ ಕೊಡುವುದನ್ನು, ಒಳಗೇ ಜೀವ ಹೋದ ಮಗುವನ್ನು ತೆಗೆಯುವುದನ್ನು ಟೆಕ್ಸಸ್ ಕಾನೂನು ಗರ್ಭಪಾತ ಅಂತ ಕರೆಯುವುದಿಲ್ಲ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಕಷ್ಟ ಇರುವುದು ಒಳಗಿನ ಮಗುವಿನ ಎದೆಬಡಿತ ಇನ್ನೂ ಇದ್ದು ರಕ್ತ ಹೋಗುತ್ತಿರುವಾಗ. ತಪ್ಪಾದರೆ ಜೀವಾವಧಿ ಜೈಲಿನವರೆಗೆ ಶಿಕ್ಷೆ ಇರುವುದರಿಂದ ಡಾಕ್ಟರ್‌ಗಳು ಹಿಂದೆಮುಂದೆ ನೋಡಿದ್ದಿದೆ. ತಾಯಿಯ ಜೀವಕ್ಕೆ ಅಪಾಯ ಇದ್ದರೆ ವಿನಾಯಿತಿ ಇದೆ. ಮಗುವಿನಲ್ಲಿ ಬದುಕಲಾರದಂಥ ದೋಷ ಕಂಡರೂ ಅದೊಂದೇ ಕಾರಣಕ್ಕೆ ಇಲ್ಲ.

ಆದ್ದರಿಂದ ಒಂದು ಸಲಕ್ಕೆ ಒಂದೇ ಭ್ರೂಣ ಹಾಕಿಸುವ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಗರ್ಭದಲ್ಲಿ ಮೂರು ಬೆಳೆದರೆ ಒಂದನ್ನು ಕಡಿಮೆ ಮಾಡುವ ದಾರಿ ಅಲ್ಲಿ ಇಲ್ಲ. ಭ್ರೂಣದ ಜೆನೆಟಿಕ್ ಟೆಸ್ಟ್ ನಿಮಗೆ ಬೇಕಾ ಅಂತಲೂ ಮೊದಲೇ ಕೇಳಿ. ಉಳಿದ ಭ್ರೂಣಗಳನ್ನು ಬೇರೆ ರಾಜ್ಯಕ್ಕೆ ಸಾಗಿಸಬೇಕಾದರೆ ಯಾರು ಒಯ್ಯುತ್ತಾರೆ, ದಾರಿಯಲ್ಲಿ ಹಾಳಾದರೆ ಯಾರ ಜವಾಬ್ದಾರಿ, ಇದೆಲ್ಲ ಬರಹದಲ್ಲಿ ತಗೊಳ್ಳಿ. ಸುಮ್ನೆ ಹೆದರಿ ಈಗಲೇ ಸಾಗಿಸಬೇಡಿ. ಇನ್ನೊಂದು, ರಾತ್ರಿ ಹೊತ್ತು ರಕ್ತ ಹೋದರೆ ಯಾವ ಆಸ್ಪತ್ರೆ, ಅಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನು ನಿಮ್ಮ ಡಾಕ್ಟರ್ ಬಾಯಲ್ಲೇ ಕೇಳಿ, ಯಜಮಾನರ ಫೋನಲ್ಲೂ ಬರೆಸಿಡಿ. ತಾರೀಕು ಮುಂದಕ್ಕೆ ಹಾಕಬೇಡಿ ತಂಗಿ. ಆದಮೇಲೆ ನನಗೊಂದು ಸಾಲು ಬರೆಯಿರಿ, ಕಾಯ್ತಿರ್ತೀನಿ.